ದುಬಾರಿ ಬ್ರೇಕ್ ಆಯಿಲ್: ಮಂಡ್ಯ, ಮೈಸೂರಿನಲ್ಲಿ ಕೊಳ್ಳುವವರು ಯಾರು, ಬೇಕಾದವರು ಯಾರು?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಸ್ಪೇರ್ ಪಾರ್ಟ್ಸ್ ಅಂಗಡಿ. ಪಕ್ಕದಲ್ಲೇ ತಮ್ಮನ ಗ್ಯಾರೇಜ್ ಇದೆ. ಡಿಸ್ಟ್ರಿಬ್ಯೂಟರ್ ಒಬ್ಬರು ಬಂದು, ರೇಸಿಂಗ್ ಬ್ರೇಕ್ ಆಯಿಲ್ ಇಡಿ, ಮೈಸೂರಿನ ಕಾರು ಹುಚ್ಚಿನ ಹುಡುಗರೆಲ್ಲ ಇದನ್ನೇ ಕೇಳುತ್ತಿದ್ದಾರೆ, ಎಕ್ಸ್‌ಪ್ರೆಸ್‌ವೇ ಆದ ಮೇಲಂತೂ ಬೇಡಿಕೆ ಜೋರು ಅನ್ನುತ್ತಿದ್ದಾರೆ. 12 ಬಾಟಲಿಯ 2 ಕಾರ್ಟನ್ ಎತ್ತಿದರೆ ಸ್ಕೀಮ್ ಇದೆಯಂತೆ. ಎತ್ತಬಹುದೇ? ನಮ್ಮ ಕಡೆ ಇದಕ್ಕೆ ಮಾರುಕಟ್ಟೆ ಇದೆಯೇ?

ಉತ್ತರ: 2 ಕಾರ್ಟನ್ ಎತ್ತಬೇಡಿ. ಹಾಗಂತ ಈ ಸರಕನ್ನು ಪೂರ್ತಿ ಕೈಬಿಡಲೂಬೇಡಿ. ಬಾಟಲಿಯನ್ನು ಶೆಲ್ಫಿನಲ್ಲಿಟ್ಟು ಗಿರಾಕಿಗಾಗಿ ಕಾಯುವ ಅಂಗಡಿಗೆ ಈ ಭಾಗದಲ್ಲಿ ಹೇಳಿಕೊಳ್ಳುವಂಥ ವ್ಯಾಪಾರವಿಲ್ಲ. ಹಳೆಯದನ್ನು ಹೊರಹಾಕಿ, ಹೊಸದು ತುಂಬಿ, ಏರ್ ತೆಗೆದು, ಪೆಡಲ್ ಗಟ್ಟಿಮಾಡಿ ಗಾಡಿ ಕೈಗೆ ಕೊಡುವವರಿಗೆ ಇದೆ. ಪಕ್ಕದಲ್ಲಿ ತಮ್ಮನ ಗ್ಯಾರೇಜ್ ಇಲ್ಲದಿದ್ದರೆ ಉತ್ತರ ಇಷ್ಟಕ್ಕೇ ಮುಗಿಯುತ್ತಿತ್ತು.

ಮೊದಲು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮಾತು. 2023ರ ಮಾರ್ಚ್ 12ರಂದು ನಿಮ್ಮ ಜಿಲ್ಲೆಯಲ್ಲೇ ಉದ್ಘಾಟನೆಯಾದ ಆ ರಸ್ತೆಯಿಂದ ಟೈರಿನ ವ್ಯಾಪಾರ ಏರಿರಬಹುದು, ಬ್ರೇಕ್ ಆಯಿಲ್‌ನದು ಏರಲು ಕಾರಣವೇ ಇಲ್ಲ. ಆಯಿಲ್ ಕುದಿಯುವುದು ವೇಗಕ್ಕಲ್ಲ, ಶಾಖಕ್ಕೆ. ಜನ ಕೂತಿರುವ 1,500 ಕೆಜಿಯ ಕಾರನ್ನು ಗಂಟೆಗೆ 100 ಕಿಮೀ ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದರೆ ಬ್ರೇಕಿಗೆ ಹೋಗುವ ಶಕ್ತಿ ಸುಮಾರು 0.58 ಮೆಗಾಜೌಲ್. ನಿಂತು ಹೊರಟ ಮೇಲೆ ಮತ್ತೆ ಹತ್ತಿಪ್ಪತ್ತು ಕಿಲೋಮೀಟರ್ ಗಾಳಿ ಬಡಿದು ಡಿಸ್ಕ್ ತಣ್ಣಗಾಗುತ್ತದೆ. ಅದೇ ಕಾರು ಚಾಮುಂಡಿ ಬೆಟ್ಟದಿಂದ ಊರಿಗಿಳಿಯುವಾಗ, ಸುಮಾರು 300 ಮೀಟರ್ ಇಳಿತಕ್ಕೆ, 4.4 ಮೆಗಾಜೌಲ್ ಕಳೆಯಬೇಕು. ಊಟಿಯಿಂದ ಗೂಡಲೂರಿಗೆ ಸಾವಿರದ ನೂರಕ್ಕೂ ಮೇಲ್ಪಟ್ಟು ಮೀಟರ್ ಇಳಿತ. ಅಲ್ಲಿ ಹತ್ತಿರಹತ್ತಿರ 17 ಮೆಗಾಜೌಲ್. ಅಂದರೆ ನೂರರ ವೇಗದಿಂದ 29 ಸಲ ಬ್ರೇಕ್ ಒತ್ತಿ ನಿಲ್ಲಿಸಿದಷ್ಟು. ಎರಡನೇ ಗೇರಿನಲ್ಲಿ ಇಳಿಯುವವನು ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್‌ಗೆ ಹೊರಿಸುತ್ತಾನೆ. ನಾಲ್ಕನೇ ಗೇರಿನಲ್ಲಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವನು ಅಷ್ಟನ್ನೂ ಪ್ಯಾಡ್, ಡಿಸ್ಕಿಗೆ ಹೇರುತ್ತಾನೆ. ಅಲ್ಲಿಂದ ಶಾಖ ಪಿಸ್ಟನ್ ದಾಟಿ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗಿನ ಆಯಿಲ್‌ಗೆ ಏರುತ್ತದೆ.

ಇನ್ನು ನಿಮ್ಮ ಕೌಂಟರಿಗೆ ಬರುವ ಹುಡುಗ ಏನು ಹೇಳುತ್ತಾನೆ? "ಘಾಟ್‌ನಲ್ಲಿ ಬ್ರೇಕ್ ಹಿಡೀಲಿಲ್ಲ, ಯಾವುದಾದರೂ ಒಳ್ಳೆ ಆಯಿಲ್ ಕೊಡಿ." ಬಾಟಲಿ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಆ ಹೊತ್ತಿನಲ್ಲಿ ಪೆಡಲ್ ಹೇಗಿತ್ತು? ಕಲ್ಲಿನಂತೆ ಗಟ್ಟಿಯಾಗಿದ್ದು, ಎಷ್ಟು ಒತ್ತಿದರೂ ಗಾಡಿ ನಿಲ್ಲಲಿಲ್ಲ, ಸುಟ್ಟ ವಾಸನೆ ಬಂತು ಅಂದರೆ ಅದು ಪ್ಯಾಡ್ ಸೋತದ್ದು. ಅವನಿಗೆ ಬೇಕಾದದ್ದು ಶಾಖ ತಡೆಯುವ ಪ್ಯಾಡ್; ಎಂಥ ಆಯಿಲ್ ಹಾಕಿದರೂ ವ್ಯತ್ಯಾಸ ಕಾಣುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಹಿಡಿಯಿತು ಅಂದರೆ ಆಯಿಲ್ ಕುದಿದು ಆವಿಯಾಗಿದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲು ಒತ್ತಿದ ದೂರವೆಲ್ಲ ಆವಿ ಹಿಸುಕುವುದಕ್ಕೇ ಖರ್ಚಾಗುತ್ತದೆ. ಘಾಟ್ ಇಳಿದು ಟೀ ಕುಡಿಯಲು ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಹೊರಟಾಗ ಪೆಡಲ್ ತಳ ಮುಟ್ಟಿತು ಎನ್ನುವವರೂ ಇದೇ ಗುಂಪು. ನಿಂತ ಗಾಡಿಗೆ ಗಾಳಿ ಬಡಿಯುವುದಿಲ್ಲ, ಡಿಸ್ಕಿನ ಬಿಸಿ ನಿಧಾನಕ್ಕೆ ಕ್ಯಾಲಿಪರ್‌ಗೆ ಹತ್ತುತ್ತದೆ.

ಈ ಒಂದು ಪ್ರಶ್ನೆಯಿಂದ ಕೆಲವೊಮ್ಮೆ ಬಾಟಲಿಯ ವ್ಯಾಪಾರ ತಪ್ಪಿ ಪ್ಯಾಡ್‌ನ ವ್ಯಾಪಾರ ಆಗುತ್ತದೆ. ಆಗಲಿ. ದುಡ್ಡು ಸುರಿದೂ ಗುಣ ಕಾಣದವನು ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಅಂಗಡಿಯ ಹೆಸರೆತ್ತುವುದು ಬೇರೆ ದನಿಯಲ್ಲಿ.

ಈಗ ಬಾಟಲಿಯ ಮೇಲಿನ ಅಂಕಿಗಳು. ಬ್ರೇಕ್ ಆಯಿಲ್‌ಗೆ ಡಾಟ್ 3, 4, 5.1 ಎಂಬ ದರ್ಜೆಗಳಿವೆ. ಪ್ರತಿ ದರ್ಜೆಗೂ ಎರಡು ಕುದಿಬಿಂದು ಇರುತ್ತದೆ: ಡ್ರೈ, ಅಂದರೆ ಸೀಲ್ ಒಡೆದ ಹೊಸ ಆಯಿಲ್‌ನದು, ವೆಟ್, ಅಂದರೆ ಸುಮಾರು 3.7% ನೀರು ಸೇರಿದ ಮೇಲಿನದು. ಡಾಟ್ 3ಕ್ಕೆ ಕನಿಷ್ಠ 205 ಮತ್ತು 140 ಡಿಗ್ರಿ ಸೆಲ್ಸಿಯಸ್. ಡಾಟ್ 4ಕ್ಕೆ 230 ಮತ್ತು 155. ಡಾಟ್ 5.1ಕ್ಕೆ 260 ಮತ್ತು 180. ರೇಸಿಂಗ್ ಸಾಲಿನಲ್ಲಿ ಎಟಿಇ ಟಿವೈಪಿ 200 ಸುಮಾರು 280 ಡ್ರೈ, 198 ವೆಟ್. ಮೋಟುಲ್ ಆರ್‌ಬಿಎಫ್ 600ರದು 312 ಡ್ರೈ, ವೆಟ್ ಇನ್ನೂರರ ಸ್ವಲ್ಪ ಮೇಲೆ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ಬೇರೆ ರಸಾಯನದ್ದು. 320 ಡ್ರೈ, 270 ವೆಟ್, ಬೆಲೆಯೂ ಅದಕ್ಕೆ ತಕ್ಕ ಹಾಗೆ.

ಹುಡುಗರು ಮಾತಾಡುವುದು 312ರ ಬಗ್ಗೆ. ರಸ್ತೆಯ ಗಾಡಿಗೆ ಲೆಕ್ಕಕ್ಕೆ ಬರುವುದು ಎರಡನೇ ಅಂಕಿ. ಡಾಟ್ 3, 4, 5.1 ಗ್ಲೈಕಾಲ್ ಜಾತಿಯವು; ಈ ಜಾತಿಯ ಆಯಿಲ್ ರಬ್ಬರ್ ಹೋಸ್ ಮೂಲಕವೂ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಅದು ಡ್ರೈ ಅಂಕಿಯ ಹತ್ತಿರವೂ ಇರುವುದಿಲ್ಲ. ಆದ್ದರಿಂದ, ಎಸ್‌ಆರ್‌ಎಫ್ ಒಂದನ್ನು ಬಿಟ್ಟರೆ, ಮೂರು ವರ್ಷ ಹಳೆಯ ರೇಸಿಂಗ್ ಆಯಿಲ್ ಹೊತ್ತ ಕಾರಿಗಿಂತ, ಹೋದ ತಿಂಗಳು ತಾಜಾ ಡಾಟ್ 4 ಹಾಕಿಸಿಕೊಂಡ ಕಾರು ಘಾಟ್‌ನಲ್ಲಿ ಹೆಚ್ಚು ಭದ್ರ. ಅದರ ಮೇಲೆ, ರೇಸಿಂಗ್ ಆಯಿಲ್ ಇರುವುದೇ ಬೇಗ ಬೇಗ ಬದಲಾಯಿಸಲಿಕ್ಕೆ. ರಸ್ತೆ ಗಾಡಿಯಲ್ಲಿ ವರ್ಷಕ್ಕೊಮ್ಮೆ, ಟ್ರ್ಯಾಕ್‌ಗೆ ಹೋಗುವವರು ಪ್ರತಿ ಸಲ ಹೋಗುವ ಮುನ್ನ ಬದಲಾಯಿಸುವುದು ರೂಢಿ. ಇದನ್ನು ಗಿರಾಕಿಗೆ ಹೇಳದೆ ಮಾರಿದರೆ ಅವನಿಗೆ ನಷ್ಟ, ಮುಂದಿನ ವರ್ಷ ಅವನು ಮತ್ತೆ ಬರಬೇಕೆಂದು ಗೊತ್ತೇ ಆಗದ್ದರಿಂದ ನಿಮಗೂ ನಷ್ಟ.

ಹಾಗಾದರೆ ಕೊಳ್ಳುವವರು ಯಾರು? ಮೈಸೂರಿನಲ್ಲಿ ನಿಜವಾದ ಗಿರಾಕಿ ಅಂದರೆ ರೀಮ್ಯಾಪ್ ಮಾಡಿಸಿದ (ಎಂಜಿನ್ ಕಂಪ್ಯೂಟರ್ ತಿದ್ದಿಸಿ ಶಕ್ತಿ ಏರಿಸಿದ) ಪೋಲೋ, ವೆಂಟೊ, ಆಕ್ಟೇವಿಯಾ, ಈಗಿನ ವರ್ಟಸ್ ಜಿಟಿ, ಐ20 ಎನ್ ಲೈನ್ ಇಟ್ಟುಕೊಂಡವರು, ಜೊತೆಗೆ ಹಳೆಯ ಹೋಂಡಾ ಸಿಟಿ ವಿಟೆಕ್, ಎಸ್ಟೀಮ್ ಸಾಕಿಕೊಂಡ ಕೆಲವರು. ಇವರಲ್ಲೂ ಕೊಯಮತ್ತೂರು ಬಳಿಯ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಗಾಡಿ ಒಯ್ಯುವವರಿಗೆ ಮಾತ್ರ 300 ಡಿಗ್ರಿಯ ಸರಕು ಬೇಕು. ಅವರು ಬೆಲೆಯನ್ನು ಆನ್‌ಲೈನ್‌ನಲ್ಲಿ ನೋಡಿಕೊಂಡೇ ನಿಮ್ಮ ಹತ್ತಿರ ಬರುತ್ತಾರೆ, ಬಹಳ ಮಂದಿ ಬಾಟಲಿಯನ್ನೂ ತರಿಸಿಕೊಂಡಿರುತ್ತಾರೆ. ಅವರಿಗೆ ಊರಿನಲ್ಲಿ ಸಿಗದೇ ಇರುವುದು ಬಾಟಲಿಯಲ್ಲ, ನೆಟ್ಟಗೆ ಬ್ಲೀಡ್ ಮಾಡುವ, ಅಂದರೆ ಲೈನಿನಿಂದ ಹಳೆಯ ಆಯಿಲ್, ಗಾಳಿ ಹೊರತೆಗೆಯುವ ಕೈ.

ಕಾರ್ ಬೈಕ್ ಹುಚ್ಚಿಗೆ ಮೈಸೂರು ಹಳೆಯ ಊರು, ನಿಜ. ಆದರೆ ಹುಚ್ಚು ಇದ್ದ ಕಡೆಯೆಲ್ಲ ಬ್ರೇಕ್ ಆಯಿಲ್ ಬೇಕಾಗುವುದಿಲ್ಲ: 1961ರಿಂದ 1996ರವರೆಗೆ ಈ ಊರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಿಗೆ ಇರುವುದು ಕೇಬಲ್, ರಾಡ್‌ನಿಂದ ಎಳೆಯುವ ಡ್ರಮ್ ಬ್ರೇಕ್. ಅವುಗಳ ಮೇಲೆ ಪ್ರಾಣ ಇಟ್ಟುಕೊಂಡವರು ನಿಮ್ಮ ಬಾಟಲಿಯ ಗಿರಾಕಿಗಳಲ್ಲ. ಮಂಡ್ಯದ ಕಡೆ ಕಬ್ಬಿನ ಲಾರಿಗೆ ಏರ್ ಬ್ರೇಕ್. ಅದರ ಕ್ಲಚ್‌ಗೆ ಬೇಕಾದರೆ ಸಾದಾ ಡಾಟ್ 3 ಅಥವಾ 4 ಸಾಕು.

ಇನ್ನೊಂದು ಗುಂಪು ಡಿಸ್ಟ್ರಿಬ್ಯೂಟರ್ ಪಟ್ಟಿಯಲ್ಲೇ ಇಲ್ಲ. ದಸರಾ, ಬೇಸಿಗೆ ರಜೆಯಲ್ಲಿ ಮೈಸೂರಿನಿಂದ ಊಟಿ, ಮಡಿಕೇರಿ, ವಯನಾಡಿಗೆ ದಿನಬಿಟ್ಟು ದಿನ ಓಡುವ ಇನ್ನೋವಾ, ಎರ್ಟಿಗಾ, ಟೆಂಪೊ ಟ್ರಾವೆಲರ್. ಬೆಲ್ಲ, ತರಕಾರಿ ಹೇರಿಕೊಂಡು ತಾಮರಶ್ಶೇರಿಯ 9 ಹೇರ್‌ಪಿನ್ ತಿರುವು ಇಳಿಯುವ, ದಿಂಬಂನ 27 ಹೇರ್‌ಪಿನ್ ಇಳಿದು ಸತ್ಯಮಂಗಲಕ್ಕೆ ಹೋಗುವ ಬೊಲೆರೊ ಪಿಕಪ್. ಒಟ್ಟು ತೂಕ 3,000 ಕೆಜಿ ಆದ ಪಿಕಪ್ ಅಷ್ಟೇ ಇಳಿತಕ್ಕೆ ಮೇಲೆ ಹೇಳಿದ ಕಾರಿನ ಎರಡು ಪಟ್ಟು ಶಾಖ ಹುಟ್ಟಿಸುತ್ತದೆ. ಮೈಸೂರು ಭಾಗದಲ್ಲಿ ನಿಜವಾಗಿ ಆಯಿಲ್ ಕುದಿಸುವವರು ಇವರು. ಇವರು ರೇಸಿಂಗ್ ಬಾಟಲಿಗೆ ದುಡ್ಡು ಬಿಚ್ಚುವುದಿಲ್ಲ, ಬಿಚ್ಚಬೇಕಾಗಿಯೂ ಇಲ್ಲ. ವರ್ಷಕ್ಕೊಮ್ಮೆ ಒಳ್ಳೆಯ ಡಾಟ್ 4, ಘಾಟ್ ಹೆಚ್ಚಾದರೆ ಡಾಟ್ 5.1. ನಿಮ್ಮ ದಿನದ ವ್ಯಾಪಾರ ನಿಲ್ಲುವುದು ಇವರ ಮೇಲೆ.

ಬಂಡವಾಳದ ಲೆಕ್ಕ ನೋಡಿ. ಅಂಕಿ ಉದಾಹರಣೆಗೆ ಮಾತ್ರ, ನಿಮ್ಮ ಖರೀದಿ ಬೆಲೆ ಹಾಕಿಕೊಳ್ಳಿ. 500 ಮಿಲಿ ಬಾಟಲಿ 1,500ಕ್ಕೆ ಬಿದ್ದು 1,750ಕ್ಕೆ ಹೋಗುತ್ತದೆ ಎಂದುಕೊಳ್ಳೋಣ. 24 ಬಾಟಲಿಗೆ 36,000 ರೂಪಾಯಿ ಕೂತಿತು, ಅಷ್ಟೂ ಹೋದರೆ ಉಳಿಯುವುದು 6,000. ಅದರಲ್ಲಿ 4 ಬಾಟಲಿ ಹಳತಾಗಿ ಉಳಿದರೆ ಲಾಭವೆಲ್ಲ ಅಲ್ಲೇ ಹೋಯಿತು. ಸ್ಕೀಮ್‌ನ ಟೀ ಶರ್ಟು, ಗೋಡೆ ಗಡಿಯಾರದಿಂದ ಈ ಲೆಕ್ಕ ಬದಲಾಗುವುದಿಲ್ಲ. ಅದೇ ಒಂದು ಲೀಟರ್ ಡಾಟ್ 5.1 ಹಾಕಿ ಬ್ಲೀಡ್ ಮಾಡಿಕೊಟ್ಟರೆ ಆಯಿಲ್‌ನ ಲಾಭದ ಜೊತೆ ಕೂಲಿ ಬರುತ್ತದೆ, ಚಕ್ರ ಬಿಚ್ಚಿದಾಗ ಪ್ಯಾಡ್, ಹೋಸ್ ಸ್ಥಿತಿ ಕಣ್ಣಿಗೆ ಬೀಳುತ್ತದೆ.

ಮೊದಲ ಸಲಕ್ಕೆ ನನ್ನ ಪ್ರಕಾರ ಇಷ್ಟು ಸಾಕು: ರೇಸಿಂಗ್ ದರ್ಜೆ 500 ಮಿಲಿಯ 4 ಬಾಟಲಿ, ಡಾಟ್ 5.1 ಆರು ಲೀಟರ್; ಸಾದಾ ಡಾಟ್ 4 ಹನ್ನೆರಡು ಲೀಟರ್; ಇಎಸ್‌ಪಿ (ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ವ್ಯವಸ್ಥೆ) ಇರುವ ಹೊಸ ಕಾರಿಗೆ ಐಎಸ್ಒ 4925 ಕ್ಲಾಸ್ 6 ಎಂದು ಬರೆದಿರುವ ತೆಳುವಾದ ಡಾಟ್ 4 ನಾಲ್ಕು ಲೀಟರ್. 4 ಬಾಟಲಿ ರೇಸಿಂಗ್ ಆಯಿಲ್ ಅಂದರೆ 2 ಕಾರಿಗೆ ಮಾತ್ರ. ಒಂದು ಕಾರಿನ ಹಳೆಯ ಆಯಿಲ್ ಪೂರ್ತಿ ಹೊರಹೋಗಲು 700ರಿಂದ 900 ಮಿಲಿ ಬೇಕು, 500ರ ಒಂದು ಬಾಟಲಿಯಲ್ಲಿ ಮೂರನೇ ಚಕ್ರಕ್ಕೇ ಕೈ ಖಾಲಿ. ಒಂದೇ ಬಾಟಲಿ ಒಯ್ಯುವ ಗಿರಾಕಿಗೆ ಇದನ್ನು ಮೊದಲೇ ಹೇಳಿ. ಟ್ರ್ಯಾಕ್‌ಗೆ ಹೋಗುವವರು ಬಂದರೆ ಅಡ್ವಾನ್ಸ್ ಪಡೆದು ತರಿಸಿಕೊಡಿ. ಎರಡು ತಿಂಗಳು ಒಂದು ನೋಟ್‌ಬುಕ್ ಇಟ್ಟು, ಯಾರು, ಯಾವ ಗಾಡಿ, ಯಾವ ದಾರಿ, ಪೆಡಲ್ ಗಟ್ಟಿಯೋ ಮೆತ್ತಗೋ, ಏನು ಕೇಳಿದರು, ಏನು ಒಯ್ದರು ಎಂದು ಬರೆದಿಡಿ. ಮುಂದಿನ ಆರ್ಡರ್ ಆ ಪುಸ್ತಕ ನೋಡಿ ಹಾಕಿ. ಡಿಸ್ಟ್ರಿಬ್ಯೂಟರ್ ಕೊಡುವ ಯಾವ ಅಂಕಿಗಿಂತಲೂ ಅದು ಗಟ್ಟಿ.

ಕ್ಲಾಸ್ 6 ಏಕೆ ಬೇರೆ ಇಡಬೇಕು ಅಂದರೆ, ಇಎಸ್‌ಪಿ ಘಟಕದ ಸಣ್ಣ ವಾಲ್ವ್‌ಗಳು ಕ್ಷಣದಲ್ಲಿ ತೆರೆದು ಮುಚ್ಚಬೇಕು, ಅದಕ್ಕೆ ತೆಳು ಆಯಿಲ್ ಬೇಕು. ಕ್ಲಾಸ್ 6ಕ್ಕೆ ಮೈನಸ್ 40 ಡಿಗ್ರಿಯಲ್ಲಿ ಸ್ನಿಗ್ಧತೆಯ, ಅಂದರೆ ದಪ್ಪದ, ಮಿತಿ ಸೆಕೆಂಡಿಗೆ 750 ಚದರ ಮಿಲಿಮೀಟರ್. ಸಾಮಾನ್ಯ ಡಾಟ್ 4ಕ್ಕೆ 1,800ರವರೆಗೂ ಒಪ್ಪಿಗೆಯಿದೆ, ರೇಸಿಂಗ್ ಆಯಿಲ್‌ಗಳು ಸಾಮಾನ್ಯವಾಗಿ ಈ ದಪ್ಪ ಕಡೆಗೇ ಬರುತ್ತವೆ. ನಮ್ಮ ಹವೆಯಲ್ಲಿ ಈ ವ್ಯತ್ಯಾಸ ಚಾಲಕನಿಗೆ ಗೊತ್ತಾಗುವುದು ಕಷ್ಟ. ಆದರೂ ವಾರಂಟಿಯಲ್ಲಿರುವ ಕಾರಿಗೆ ಅದರ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ.

ಡಾಟ್ 5 ಎಂಬುದನ್ನು ಅಂಗಡಿಗೆ ತರಲೇಬೇಡಿ. 5.1ರ ಅಣ್ಣತಮ್ಮನಂತೆ ಕಂಡರೂ ಅದು ಸಿಲಿಕೋನ್, ಗ್ಲೈಕಾಲ್ ಜೊತೆ ಬೆರೆಯುವುದಿಲ್ಲ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗೆ ಆಗುವುದಿಲ್ಲ. ಕೌಂಟರ್ ಹುಡುಗ ಅವಸರದಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಇಡೀ ಬ್ರೇಕ್ ಲೈನ್ ತೊಳೆಯಬೇಕು. ಅದಕ್ಕಿಂತ ಕೆಟ್ಟದ್ದು, ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಕ್ಕೆ ಪವರ್ ಸ್ಟೀರಿಂಗ್ ಆಯಿಲ್ ಅಥವಾ ಎಂಜಿನ್ ಆಯಿಲ್ ಟಾಪ್‌ಅಪ್ ಮಾಡುವುದು. ಖನಿಜ ತೈಲ ತಾಗಿದರೆ ಸೀಲ್‌ಗಳ ರಬ್ಬರ್ ಊದಿಕೊಳ್ಳುತ್ತದೆ, ಬ್ರೇಕ್ ಬಿಡದೆ ಹಿಡಿದುಕೊಳ್ಳುತ್ತದೆ. ಆಮೇಲೆ ಪೆಡಲ್ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲ್, ಹೋಸ್ ಎಲ್ಲ ಬದಲಾಯಿಸುವ ಖರ್ಚು.

ಇನ್ನು ತಮ್ಮನ ಕೆಲಸ. ಮೊದಲು ಮಡ್‌ಗಾರ್ಡ್ ಮೇಲೆ ಒದ್ದೆ ಬಟ್ಟೆ ಹಾಸಿ. ಬಿದ್ದ ಹನಿ ಪೇಂಟ್ ಎಬ್ಬಿಸುತ್ತದೆ, ಬಿದ್ದ ತಕ್ಷಣ ನೀರು ಸುರಿಯಬೇಕು. ಡಬ್ಬದ ಮುಚ್ಚಳದ ಸುತ್ತಲಿನ ಧೂಳು ಒರೆಸಿಯೇ ತೆರೆಯಿರಿ. ಸಿರಿಂಜ್‌ನಿಂದ ಹಳೆಯ ಆಯಿಲ್ ಎಳೆದು, ಹೊಸದನ್ನು ಮ್ಯಾಕ್ಸ್ ಗುರುತಿನವರೆಗೆ ತುಂಬಿ. ನಮ್ಮ ಬಲಗೈ ಡ್ರೈವ್ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಹಿಂದಿನ ಎಡದ್ದು. ಸಾಮಾನ್ಯವಾಗಿ ಅಲ್ಲಿಂದ ಶುರು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕೆಲವು ಗಾಡಿಗಳಿಗೆ ಮ್ಯಾನ್ಯುಯಲ್‌ನಲ್ಲಿ ಬೇರೆ ಕ್ರಮವಿದೆ, ಅದೇ ಅಂತಿಮ.

ಪ್ರತಿ ಚಕ್ರದಲ್ಲಿ ಆಯಿಲ್ ಹೊರಬಿಡುವ ಸಣ್ಣ ತಿರುಪಾದ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಹಾಕಿ, ಓಪನ್ ಸ್ಪ್ಯಾನರ್ ಮೂಲೆ ಸವೆಸುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಮುರಿದರೆ ಕ್ಯಾಲಿಪರ್‌ಗೇ ಖರ್ಚು ಬರುತ್ತದೆಂದು ಕೆಲಸ ಮುಟ್ಟುವ ಮುನ್ನವೇ ಗಿರಾಕಿಗೆ ಹೇಳಿರಬೇಕು. ಪಾರದರ್ಶಕ ಟ್ಯೂಬನ್ನು ನಿಪ್ಪಲ್‌ಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ನಿಧಾನಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಬಿಟ್ಟು, ಪೆಡಲ್ ಮೇಲೇಳುವ ಮುನ್ನ ಮುಚ್ಚಬೇಕು. ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಹಿಂದಿನ ಎಡಕ್ಕೆ 250 ಮಿಲಿ, ಉಳಿದವಕ್ಕೆ 150ರಿಂದ 200. ಕಪ್ಪು ಹೋಗಿ ತಿಳಿ ಹಳದಿ ಬಂದು, ಗುಳ್ಳೆ ನಿಲ್ಲುವವರೆಗೆ.

ಹಳೆಯ ಗಾಡಿಯಲ್ಲಿ ಪೆಡಲ್ ಕೆಳಗೆ ಒಂದು ರೀಪರ್ ತುಂಡು ಇಡಿ. ದಿನನಿತ್ಯ ಪಿಸ್ಟನ್ ಓಡಾಡದ ಜಾಗದಲ್ಲಿ ಸಿಲಿಂಡರಿನೊಳಗೆ ಕೊಳೆ, ತುಕ್ಕು ಕಟ್ಟಿರುತ್ತದೆ. ಪೆಡಲ್ ತಳ ಮುಟ್ಟಿದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಸರಿಯಿದ್ದ ಗಾಡಿ ಬ್ಲೀಡಿಂಗ್ ಆದ ಮರುದಿನ ಪೆಡಲ್ ಇಳಿಯುತ್ತಿದೆ ಎಂದು ವಾಪಸ್ ಬರುವುದು ಬಹುಪಾಲು ಇದರಿಂದ. ಡಬ್ಬದಲ್ಲಿ ಆಯಿಲ್ ಮಿನ್‌ಗಿಂತ ಕೆಳಗೆ ಇಳಿಯಲು ಬಿಡಲೇಬೇಡಿ, ನಾಲ್ಕೈದು ಸಲ ಒತ್ತಿದಾಗಲೊಮ್ಮೆ ನೋಡಿ ತುಂಬಿ. ಒಮ್ಮೆ ಎಬಿಎಸ್ ಘಟಕಕ್ಕೆ ಗಾಳಿ ಹೊಕ್ಕರೆ ಸ್ಕ್ಯಾನರ್ ಹಾಕಿ ಪಂಪ್ ಓಡಿಸದೆ ಹೊರಬರುವುದಿಲ್ಲ. ಹೈಡ್ರಾಲಿಕ್ ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ಕ್ಲಚ್ಚಿಗೂ ಅದೇ ಡಬ್ಬ. ಅದರ ಹಳೆಯ ಆಯಿಲ್ ತೆಗೆಯಲು ಇನ್ನೊಂದು 100 ಮಿಲಿ ಹಿಡಿಯಿರಿ.

ಪೆನ್ ಆಕಾರದ ಟೆಸ್ಟರ್ ತೋರಿಸಿ ಕೆಂಪು ದೀಪ ಹತ್ತಿತು, ಬದಲಾಯಿಸಿ ಅನ್ನುವ ಗ್ಯಾರೇಜ್‌ಗಳಿವೆ. ಆ ಪೆನ್ ಅಳೆಯುವುದು ವಿದ್ಯುತ್ ಹರಿಯುವಿಕೆ, ನೀರನ್ನಲ್ಲ. ಬ್ರಾಂಡ್ ಬದಲಾದರೆ ಓದು ಬದಲಾಗುತ್ತದೆ, ಅದೂ ಡಬ್ಬದ ಆಯಿಲ್‌ನದು. ಕ್ಯಾಲಿಪರ್‌ನಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ನಂಬಿಕೆಗೆ ತಕ್ಕದ್ದು ದಿನಾಂಕ. ಬಾನೆಟ್ ಒಳಗೆ ಸ್ಟಿಕ್ಕರ್ ಅಂಟಿಸಿ ದರ್ಜೆ, ತಿಂಗಳು, ವರ್ಷ ಬರೆಯಿರಿ. ಸಾಮಾನ್ಯ ಕಾರಿಗೆ 2 ವರ್ಷ, ಘಾಟ್ ಗಾಡಿಗೆ 1.

ಸರಕು ತೆಗೆದುಕೊಳ್ಳುವಾಗ ಪ್ರತಿ ಬಾಟಲಿಯ ತಯಾರಿಕೆಯ ತಿಂಗಳು ನೋಡಿ. ಸ್ಕೀಮ್‌ನಲ್ಲಿ ಬರುವುದು ಎಷ್ಟೋ ಸಲ ಹಳೆಯ ಬ್ಯಾಚ್. ಆಮದು ಬಾಟಲಿಯ ಮೇಲೆ ಆಮದುದಾರರ ಹೆಸರು ವಿಳಾಸ, ಎಂಆರ್‌ಪಿ, ಪ್ರಮಾಣ, ತಿಂಗಳು ವರ್ಷ ಇರಲೇಬೇಕು. ಇಲ್ಲದಿದ್ದರೆ ತೂಕ ಅಳತೆ ಇಲಾಖೆಯವರು ಬಂದಾಗ ಉತ್ತರ ಹೇಳಬೇಕಾದವರು ನೀವು. ಮುಚ್ಚಳದ ಕೆಳಗಿನ ಫಾಯಿಲ್ ಸೀಲ್ ಅಲುಗಾಡುತ್ತಿದ್ದರೆ ವಾಪಸ್ ಕೊಡಿ. ಶೀಟ್ ಮಾಡಿನ ಅಟ್ಟದ ಮೇಲೆ ಇಡಬೇಡಿ. ಗ್ಯಾರೇಜಿನಲ್ಲಿ ಸೀಲ್ ಒಡೆದು ಉಳಿದದ್ದನ್ನು ಮಳೆಗಾಲದಲ್ಲಿ ವಾರದೊಳಗೆ ಕ್ಲಚ್ ಕೆಲಸಕ್ಕೆ ಖಾಲಿಮಾಡಿ. ಮುಂದಿನ ಗಿರಾಕಿಯ ಬ್ರೇಕಿಗೆ ಅದು ಬೇಡ. ಬಸಿದ ಹಳೆಯ ಬ್ರೇಕ್ ಆಯಿಲನ್ನು ಹಳೆಯ ಎಂಜಿನ್ ಆಯಿಲ್ ಡ್ರಮ್ಮಿಗೆ ಸುರಿಯದೆ ಬೇರೆ ಕ್ಯಾನ್‌ನಲ್ಲಿ ಕೂಡಿಡಿ. ಗ್ಲೈಕಾಲ್ ಬೆರೆತರೆ ಶುದ್ಧೀಕರಣಕ್ಕೆ ಒಯ್ಯುವವರು ಇಡೀ ಡ್ರಮ್ಮನ್ನೇ ಬೇಡವೆನ್ನಬಹುದು.